ಕ್ಲಬ್ಬಿನ ಕುರಿಗಳು

ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವುದಿಲ್ಲ. ಅಂಥ ಮನೆಯಲ್ಲಿ ಹುಟ್ಟಿದ ರೇಣುಕಯ್ಯನಾದ ನಾನು ಒಂಬತ್ತು ವರ್ಷ ಕುರಿ ಮಾರಿದ ದುಡ್ಡಿನಲ್ಲಿ ಫುಟ್‌ಬಾಲ್ ಕ್ಲಬ್ ನಡೆಸಿದೆ. ಪಾವಗಡದ ಬಸ್‌ಸ್ಟ್ಯಾಂಡ್ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ. ಅದರ ಆದಾಯದಲ್ಲಿ ಹುಡುಗರಿಗೆ ಬಾಳೆಹಣ್ಣು ಕೊಡಿಸಬಹುದಿತ್ತು, ಬೂಟು ಕೊಡಿಸಲಾಗುತ್ತಿರಲಿಲ್ಲ. ಸಂತೆಯಿಂದ ಬಂದ ದಿನ ಹೆಂಡತಿ ಸರ್ವಮಂಗಳಾ ನನ್ನನ್ನು ಹಿತ್ತಲಿನಲ್ಲೇ ನಿಲ್ಲಿಸಿ ನೀರು ಹುಯ್ಯುತ್ತಿದ್ದಳು. ಬೇರೆ ಗಂಡಸರಿಗೆ ಇಸ್ಪೀಟಿನ ಹುಚ್ಚು ಇರುತ್ತದೆ, ನಿಮ್ಮದು ಅದಕ್ಕಿಂತ ದುಬಾರಿ ಎನ್ನುತ್ತಿದ್ದಳು. ಸುಳ್ಳೇನೂ ಅಲ್ಲ.

ಕುರಿಯ ಉಪಾಯ ಭೀಮಕ್ಕನದು. ನಿಡುಗಲ್ ಕಡೆಯ ಗೊಲ್ಲರಹಟ್ಟಿಯವಳು, ಗಂಡನಿಲ್ಲ, ಒಬ್ಬನೇ ಮಗ ಸುನಿಲ್‌ಕುಮಾರ್ ಮೊದಲಿನಿಂದಲೂ ನಮ್ಮ ಗೋಲ್‌ಕೀಪರ್. ಕ್ಲಬ್ ಶುರುವಾದ ವರ್ಷ ಚಂದಾ ಕೇಳಲು ಹೋದಾಗ, ದುಡ್ಡಿಲ್ಲ, ಒಂದು ಹೆಣ್ಣುಮರಿ ಇದೆ ಎಂದಳು. ಮರಿಯನ್ನು ಜೆರಾಕ್ಸ್ ಮಿಷನ್ನಿಗೆ ಕಟ್ಟಲೇ ಎಂದು ನಾನು ರೇಗಿದೆ. ತಾನೇ ಮೇಯಿಸುತ್ತೇನೆ, ಉಳಿದ ಹುಡುಗರ ಮನೆಯವರೂ ಒಂದೊಂದು ಕೊಡಲಿ ಎಂದಳು. ಕೊಟ್ಟರು. ಮೂರು ವರ್ಷದಲ್ಲಿ ಅವು ಹದಿಮೂರು ತಾಯಿಕುರಿಗಳಾದವು.

ಆ ಸೀಮೆಯಲ್ಲಿ ಕುರಿಯನ್ನು ಪಾಲಿಗೆ ಬಿಡುವುದು ಹಳೆಯ ಪದ್ಧತಿ. ಹುಟ್ಟಿದ ಮರಿಗಳಲ್ಲಿ ಅರ್ಧ ಮೇಯಿಸಿದವರಿಗೆ, ಅರ್ಧ ಒಡೆಯನಿಗೆ. ಕುರಿ ಸತ್ತರೆ ನಷ್ಟ ಒಡೆಯನದು. ಮೇಯಿಸಿದವರು ಸತ್ತ ಕುರಿಯ ಕಿವಿ ತಂದು ತೋರಿಸಿದರೆ ಸಾಕು, ಯಾರೂ ಎದುರು ಮಾತಾಡುವುದಿಲ್ಲ. ನಮ್ಮ ಕುರಿಗಳಿಗೆ ಭೀಮಕ್ಕ ಎಡಗಿವಿಯ ತುದಿ ಕತ್ತರಿಸಿ ಗುರುತು ಮಾಡಿದಳು. ಗಂಡುಮರಿಗಳನ್ನು ಮಾರಿ ಖರ್ಚು ತೂಗಿಸುವುದು, ತಾಯಿಕುರಿಗಳನ್ನು ಯಾವ ಕಾರಣಕ್ಕೂ ಮಾರಕೂಡದು ಎಂದು ಮೊದಲ ಮೀಟಿಂಗಿನಲ್ಲೇ ಬರೆದು ಸಹಿ ಹಾಕಿದೆವು. ಹೀಗೆ ಗಂಡುಮರಿಗಳ ದುಡ್ಡಿನಲ್ಲಿ ಆಡುತ್ತ ಆಡುತ್ತ ಜಿಲ್ಲಾ ಲೀಗಿನಲ್ಲಿ ಸಿ ಡಿವಿಷನ್‌ನಿಂದ ಬಿ, ಬಿಯಿಂದ ಎ ಡಿವಿಷನ್‌ಗೆ ಹತ್ತಿದೆವು. ಅವತ್ತು ನಾನು ಬಸ್‌ಸ್ಟ್ಯಾಂಡಿನಲ್ಲಿ ಕುಣಿದದ್ದನ್ನು ಈಗಲೂ ಕಂಡಕ್ಟರುಗಳು ಆಡಿಕೊಳ್ಳುತ್ತಾರೆ.

ಹತ್ತುವುದೇನೋ ಹತ್ತಿದೆವು, ಅಲ್ಲಿ ನಿಲ್ಲುವುದಕ್ಕೆ ಎಷ್ಟು ಖರ್ಚು ಎಂಬುದು ಆಮೇಲೆ ಗೊತ್ತಾಯಿತು. ಠೇವಣಿ ಜಾಸ್ತಿ, ಪಂದ್ಯ ಜಾಸ್ತಿ. ಇವತ್ತು ಸಿರಾ, ಮುಂದಿನ ವಾರ ಕೊರಟಗೆರೆ, ಅದರಾಚೆ ತುಮಕೂರು, ಪ್ರತಿ ಸಲವೂ ವ್ಯಾನು, ಊಟ. ಹೋದ ಮಳೆಗಾಲದಲ್ಲಿ ನೀಲಿ ನಾಲಿಗೆ ರೋಗ ಬಂದು ಹಟ್ಟಿಗಳಲ್ಲಿ ಕುರಿ ಸಾಯತೊಡಗಿದಾಗ ನನಗೆ ನಿದ್ದೆ ಹತ್ತಲಿಲ್ಲ. ಓಡಿಹೋಗಿ ಭೀಮಕ್ಕನನ್ನು ಕೇಳಿದೆ. ತನ್ನವೆಲ್ಲ ಹೋದವು, ಕ್ಲಬ್ಬಿನವು ಉಳಿದವು ಎಂದಳು. ನಾನು 'ಸದ್ಯ' ಎಂದೆ. ಅವಳ ಮುಖದೆದುರೇ, ಅವಳ ಕುರಿ ಸತ್ತ ವಾರದಲ್ಲೇ, ನನ್ನ ಈ ಬಾಯಿಂದ ಬಂದ ಮಾತು ಅದು.

ಈ ವರ್ಷ ಎಲ್ಲ ಒಟ್ಟಿಗೆ ಕೈಕೊಟ್ಟಿತು. ಜರ್ಸಿ ಕೊಡಿಸುತ್ತಿದ್ದ ಅಕ್ಕಿ ಗಿರಣಿಯವರು ಗಿರಣಿಯನ್ನೇ ಮುಚ್ಚಿದರು. ಹಿಂದೆ ನಿಂತು ಆಡುತ್ತಿದ್ದ ಇಬ್ಬರು ಡಿಫೆಂಡರುಗಳು ಸೋಲಾರ್ ಪಾರ್ಕಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿ, ಭಾನುವಾರ ರಜೆ ಇಲ್ಲ ಎಂದರು. ಅವರಿಲ್ಲದೆ ಸುನಿಲ ಒಂದು ಪಂದ್ಯದಲ್ಲಿ ನಾಲ್ಕು ಗೋಲು ಬಿಟ್ಟ, ಮುಂದಿನದರಲ್ಲಿ ಮೂರು. ಎಂಟು ತಂಡಗಳಲ್ಲಿ ಕೊನೆಯದು ಕೆಳಗಿಳಿಯಬೇಕು. ಕೊನೆಯ ಪಂದ್ಯ ಮಧುಗಿರಿಯ ಮೈದಾನದಲ್ಲಿ, ಸಿರಾ ತಂಡದ ಮೇಲೆ. ಸೋಲದಿದ್ದರೆ ಸಾಕು, ಡ್ರಾ ಆದರೂ ಉಳಿಯುತ್ತೇವೆ. ಸೋತರೆ ಬಿ ಡಿವಿಷನ್.

ಆಗಲೇ ಬೋರ್‌ವೆಲ್ ಲಾರಿಗಳ ಮಾಲೀಕರೊಬ್ಬರು ನನ್ನನ್ನು ಕರೆಸಿದರು. ಎ ಡಿವಿಷನ್‌ನಲ್ಲಿ ಉಳಿದರೆ ಮೂರು ವರ್ಷದ ಖರ್ಚು ತಮ್ಮದು, ಇಳಿದರೆ ತಮ್ಮ ಹೆಸರು ಅಂಥ ಜರ್ಸಿಯ ಮೇಲೆ ಬೇಡ ಎಂದರು. ಅಷ್ಟು ಹೇಳಿ ಕಾಫಿ ಕೊಟ್ಟು ಕಳಿಸಿದರು. ಬೆಂಗಳೂರಿನಲ್ಲಿ ಒಬ್ಬ ಗೋಲ್‌ಕೀಪರ್ ಇದ್ದಾನೆ, ಒಂದು ಪಂದ್ಯಕ್ಕೆ ಬರುತ್ತಾನೆ ಎಂದು ಯಾರೋ ನಂಬರು ಕೊಟ್ಟರು. ಅವನ ಜೊತೆ ಇನ್ನೊಬ್ಬ ಮುಂದೆ ಆಡುವವನು. ಇಬ್ಬರಿಗೂ ಸೇರಿ ಅವರು ಹೇಳಿದ ಮೊತ್ತ ಕೇಳಿ ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ. ಅದರ ಮೇಲೆ ಲೀಗಿಗೆ ಕಟ್ಟಬೇಕಾದ ಬಾಕಿ ಬೇರೆ. ಬಾಕಿ ಕಟ್ಟದಿದ್ದರೆ ಮೈದಾನಕ್ಕೇ ಇಳಿಯುವ ಹಾಗಿರಲಿಲ್ಲ.

ಕಮಿಟಿಯಲ್ಲಿ ನಾನು ಕೂಗಾಡಿ ಒಪ್ಪಿಸಿದೆ. ನನ್ನ ಸ್ವಭಾವವೇ ಅದು. ಮಾತು ಮೊದಲು, ಯೋಚನೆ ಆಮೇಲೆ. ಮೂರು ವರ್ಷದ ಖರ್ಚು ಕೈಗೆ ಬರುವಾಗ ಕುರಿಗಳನ್ನು ತಬ್ಬಿಕೊಂಡು ಕೂರೋಣವೇ ಎಂದೆ. ಸಹಿ ಹಾಕಿದ ಹಾಳೆಯನ್ನು ಯಾರೋ ನೆನಪಿಸಿದರು. ನಾನೇ ಬರೆದ ಹಾಳೆ, ನಾನೇ ಹರಿಯುತ್ತೇನೆ ಎಂದೆ.

ಹಟ್ಟಿಗೆ ಹೋಗಿ ಭೀಮಕ್ಕನಿಗೆ ವಿಷಯ ಹೇಳಿದೆ. ಹದಿಮೂರನ್ನೂ ಮಾರಬೇಕು ಎಂದೆ. ಅವಳ ಮಗನ ಜಾಗಕ್ಕೆ ಬೇರೆಯವನನ್ನು ತರುತ್ತಿದ್ದೇನೆ ಎಂಬುದನ್ನು ಮಾತ್ರ ಹೇಳಲಿಲ್ಲ. ಬೆಂಗಳೂರಿನಿಂದ ಆಟಗಾರರು ಬರುತ್ತಾರೆ ಎಂದಷ್ಟೇ ಹೇಳಿದೆ. ಅವಳು ಕುರಿ ಕೂಡುವ ರೊಪ್ಪದೊಳಗೆ ಹೋಗಿ ಒಂದೊಂದನ್ನೇ ಹಿಡಿದು ಎಣಿಸುತ್ತ ಹೊರಗೆ ಬಿಟ್ಟಳು. ಮಾತು ಕನ್ನಡವಾದರೂ ಅವಳ ಎಣಿಕೆ ತೆಲುಗಿನಲ್ಲೇ. ಹದಿಮೂರಕ್ಕೆ ಬಂದಾಗ ದನಿ ಸಣ್ಣದಾಯಿತು.

"ಕ್ಲಬ್ ನಿಂತ್ಕಂತದಾ ಅಯ್ನೋರೆ?" ಎಂದು ಕೇಳಿದಳು.

ನಿಲ್ಲುತ್ತದೆ ಎಂದೆ. ವ್ಯಾನಿಗೆ ಕುರಿ ತುಂಬಿಸಿಕೊಂಡು ಸಿರಾ ಸಂತೆಗೆ ಹೊರಟೆ. ಒಳ್ಳೆಯ ಬೆಲೆ ಬಂತು. ಇಷ್ಟು ಚೆನ್ನಾಗಿ ಮೇಯಿಸಿದ ಕುರಿ ನೋಡಿ ಬಹಳ ದಿನವಾಯಿತು ಎಂದು ಕೊಂಡ ಸಾಬರು ಹೇಳಿದಾಗ ಹೊಗಳಿಕೆ ನನಗೇ ಸೇರಿದ್ದು ಎಂಬಂತೆ ನಕ್ಕೆ.

ಸುನಿಲನಿಗೆ ನಾನೇ ಹೇಳಿದೆ. ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುತ್ತಿದ್ದ, ಅಲ್ಲಿಗೇ ಹೋದೆ. ಇದೊಂದು ಪಂದ್ಯ ಕೂತುಕೋ, ಮುಂದಿನ ವರ್ಷ ನೀನೇ ಕ್ಯಾಪ್ಟನ್ ಎಂದೆ. ಅವನು ಪೈಪನ್ನು ಅದರ ಜಾಗಕ್ಕೆ ಸಿಕ್ಕಿಸಿ, ಆಯ್ತು ಸಾರ್, ಕ್ಲಬ್ ಉಳಿಯಲಿ ಎಂದ. ಜಗಳ ಆಡಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ.

ಪಂದ್ಯದ ದಿನ ಭೀಮಕ್ಕ ಮಧುಗಿರಿಗೆ ಬಂದಿದ್ದಳು. ಒಂಬತ್ತು ವರ್ಷದಲ್ಲಿ ಒಂದು ಆಟವನ್ನೂ ನೋಡಿದವಳಲ್ಲ, ಕುರಿ ಬಿಟ್ಟು ಬರಲಾಗುತ್ತಿರಲಿಲ್ಲ. ಈಗ ಕುರಿ ಇರಲಿಲ್ಲ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಬೆಟ್ಟದ ಕಡೆಯ ಗೇಟಿನ ಹತ್ತಿರ ನಿಂತು, ಬಲೆಯ ಮುಂದೆ ಮಗನನ್ನು ಹುಡುಕಿದಳು. ಸುನಿಲ ಬೆಂಚಿನ ಮೇಲೆ ಕೂತಿದ್ದ. ಯಾಕೆ ಕೂತಿದ್ದಾನೆ ಎಂದು ನನ್ನನ್ನು ಕೇಳಿದಳು. ಕೈ ಸ್ವಲ್ಪ ನೋವು, ರೆಸ್ಟ್ ಕೊಟ್ಟಿದ್ದೇವೆ ಎಂದೆ. ಅವಳು ಬಲೆಯ ಮುಂದಿದ್ದ ಹೊಸ ಹುಡುಗನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ಬೆಂಗಳೂರಿನ ಹುಡುಗ ಚೆನ್ನಾಗಿಯೇ ಆಡಿದ. ಒಂದು ಪೆನಾಲ್ಟಿ ಹಿಡಿದ. ಇನ್ನು ಆರೇಳು ನಿಮಿಷವಿತ್ತು, ಎರಡೂ ಕಡೆ ಗೋಲಿಲ್ಲ. ಬೋರ್‌ವೆಲ್ ಮಾಲೀಕರು ಕಾರಿನಿಂದ ಇಳಿದು ಬಂದು ನನ್ನ ಬೆನ್ನು ತಟ್ಟಿದರು. ಆಗ ಒಂದು ಸಾಧಾರಣ ಚೆಂಡು ನಮ್ಮ ಪರಮೇಶನ ಕಾಲಿಗೆ ಬಂತು. ಎಂಟು ವರ್ಷದಿಂದ ಸುನಿಲನ ಮುಂದೆ ಆಡಿದ ಡಿಫೆಂಡರ್ ಅವನು. ಅಂಥ ಚೆಂಡು ಬಂದಾಗ ಸುನಿಲ ಬಲೆ ಬಿಟ್ಟು ಬಲಗಡೆಗೆ ಮುಂದೆ ಬಂದು ನಿಲ್ಲುತ್ತಿದ್ದ, ಪರಮೇಶ ತಿರುಗಿ ನೋಡದೆ ಹಿಂದಕ್ಕೆ ತಳ್ಳುತ್ತಿದ್ದ. ಅವತ್ತೂ ಹಾಗೇ ತಳ್ಳಿದ. ಬೆಂಗಳೂರಿನ ಹುಡುಗ ಬಲೆಯ ಎಡಗಡೆ ನಿಂತಿದ್ದ. ಚೆಂಡು ಅವಸರವೇ ಇಲ್ಲದೆ ಉರುಳಿಕೊಂಡು ಒಳಗೆ ಹೋಯಿತು.

ಬೆಂಚಿನಿಂದ ಸುನಿಲ ಎದ್ದು ನಿಂತಿದ್ದ. ಕೈ ಎರಡೂ ಮುಂದಕ್ಕೆ ಚಾಚಿದ್ದವು. ಸೀಟಿ ಊದಿದ ಮೇಲೆ ಪರಮೇಶ ನೆಲದ ಮೇಲೆ ಕೂತು ಅತ್ತ. ಅವನನ್ನು ಎಬ್ಬಿಸಿದವನು ಸುನಿಲ. ಆ ಹೊತ್ತಿಗೆ ಬೋರ್‌ವೆಲ್ ಮಾಲೀಕರ ಕಾರು ಹೊರಟುಹೋಗಿತ್ತು.

ಮನೆಯಲ್ಲಿ ಸರ್ವಮಂಗಳಾ ಅನ್ನ ಬಡಿಸಿ ಪಕ್ಕದಲ್ಲೇ ಕೂತಳು. ಬೈಯುವುದಕ್ಕೂ ಲಾಯಕ್ಕಿಲ್ಲದಷ್ಟು ಸೋತಿದ್ದೇನೆ ಎಂದು ನನಗೆ ಆಗ ಅರ್ಥವಾಯಿತು.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಪಶು ಆಸ್ಪತ್ರೆಯ ಪ್ರಸನ್ನಕುಮಾರ್ ಯಾವುದೋ ಕಾಗದ ಜೆರಾಕ್ಸ್ ಮಾಡಿಸಲು ಬಂದರು. ಕ್ಲಬ್ಬಿನ ಗತಿ ಕೇಳಿ ನೊಂದುಕೊಂಡರು. ನಿಮಗೆ ಪೆಟ್ಟಿನ ಮೇಲೆ ಪೆಟ್ಟು ಎಂದರು. ಹೋದ ಮಳೆಗಾಲದಲ್ಲಿ ಹನ್ನೊಂದು ಕುರಿ ಹೋದವು, ಈಗ ಇದು ಎಂದರು. ಅವು ಭೀಮಕ್ಕನವು, ನಮ್ಮವಲ್ಲ ಎಂದು ನಾನು ತಿದ್ದಿದೆ. ಅವರು ತಲೆಯಾಡಿಸಿದರು. ಸತ್ತ ಕುರಿಗಳನ್ನು ತಾವೇ ನೋಡಿದ್ದಾಗಿಯೂ, ಹನ್ನೊಂದಕ್ಕೂ ಎಡಗಿವಿಯ ತುದಿ ಕತ್ತರಿಸಿತ್ತೆಂದೂ ಹೇಳಿದರು. ಸರ್ಕಾರದ ಪರಿಹಾರಕ್ಕೆ ಅರ್ಜಿ ಹಾಕು ಎಂದರೆ ಆಕೆ ಒಪ್ಪಲಿಲ್ಲವಂತೆ, ಇವು ನನ್ನವಲ್ಲ, ನನ್ನ ಹೆಸರಲ್ಲಿ ಹೆಂಗೆ ತಗಳ್ಳಿ ಎಂದಳಂತೆ.

ಸತ್ತದ್ದು ನಮ್ಮವು. ಕಿವಿ ತಂದು ನನ್ನ ಮೇಜಿನ ಮೇಲಿಟ್ಟಿದ್ದರೆ ಅವಳ ಜವಾಬ್ದಾರಿ ಮುಗಿಯುತ್ತಿತ್ತು. ಅದರ ಬದಲು ತನ್ನ ಹನ್ನೊಂದು ಕುರಿಗಳ ಕಿವಿ ಕತ್ತರಿಸಿ ಕ್ಲಬ್ಬಿನ ಲೆಕ್ಕಕ್ಕೆ ಸೇರಿಸಿದ್ದಳು. ಅವಳ ಕುರಿಗಳನ್ನು ನಾನು ಮಾರಿದ್ದೆ. ಆ ದುಡ್ಡಿನಲ್ಲಿ ಅವಳ ಮಗನನ್ನು ಬೆಂಚಿನ ಮೇಲೆ ಕೂರಿಸಿದ್ದೆ.

ನನಗೆ ದುಃಖ ಬರುವುದು ಯಾವಾಗಲೂ ಸಿಟ್ಟಿನ ರೂಪದಲ್ಲಿ. ಪ್ರಸನ್ನಕುಮಾರ್ ಮೆಟ್ಟಿಲು ಇಳಿಯುವ ಮೊದಲೇ ಸುನಿಲನಿಗೆ ಫೋನು ಹಚ್ಚಿ ಕೂಗಾಡಿದೆ. ನಿಮ್ಮಮ್ಮ ತನ್ನ ಕುರಿಗಳ ಕಿವಿ ಕತ್ತರಿಸಿ ಕ್ಲಬ್ಬಿಗೆ ಸೇರಿಸಿದ್ದು ನಿನಗೆ ಗೊತ್ತಿತ್ತೇ, ಅದೇ ದುಡ್ಡಿನಲ್ಲಿ ನಿನ್ನನ್ನು ಬೆಂಚಿನ ಮೇಲೆ ಕೂರಿಸಿದೆನಲ್ಲ, ನನಗ್ಯಾಕೆ ಹೇಳಲಿಲ್ಲ, ನನ್ನನ್ನು ಎಂಥ ಪಾಪಕ್ಕೆ ದೂಡಿದಿರಿ ಎಂದೆಲ್ಲ ಅಂದೆ. ಕುರಿ ಸತ್ತ ತಿಂಗಳು ಅವನು ಜಿಲ್ಲಾ ಕ್ಯಾಂಪಿಗೆಂದು ತುಮಕೂರಿನಲ್ಲಿದ್ದ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಅವನು ಎಲ್ಲವನ್ನೂ ಕೇಳಿಸಿಕೊಂಡ. ನಂಗೊತ್ತಿಲ್ಲ ಸಾರ್ ಎಂದಷ್ಟೇ ಹೇಳಿ ಫೋನಿಟ್ಟ.

ಅಂಗಡಿ ಬಾಗಿಲು ಎಳೆದು ಬಸ್ಸು ಹತ್ತಿದೆ. ಭೀಮಕ್ಕ ಹಟ್ಟಿಯಲ್ಲಿರಲಿಲ್ಲ, ಯಾರದೋ ಹೊಲದಲ್ಲಿ ಕೂಲಿಗೆ ಕಡಲೆಕಾಯಿ ಬಿಡಿಸುತ್ತಿದ್ದಳು. ಕುರಿಯ ಹಿಂದೆ ನಡೆದು ನಡೆದೇ ವಯಸ್ಸಾದವಳು ಒಂದೇ ಕಡೆ ಕೂತಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನನ್ನ ಮುಖ ನೋಡಿದ್ದೇ ಅವಳಿಗೆ ತಿಳಿಯಿತು. ಎದ್ದು ಬದುವಿನ ಹತ್ತಿರ ಬಂದಳು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಅರವತ್ತು ಹತ್ತಿರವಾದ ಗಂಡಸು, ಕೂಲಿಯವರೆಲ್ಲ ನೋಡುತ್ತಿದ್ದ ಹಾಗೇ ಅತ್ತೆ.

"ಕಿವಿ ತಂದು ತೋರ್ಸಿದ್ರೆ ನೀವು ಆವತ್ತೇ ಕ್ಲಬ್ ಮುಚ್ಬುಡ್ತಿದ್ರಿ," ಎಂದಳು. "ನಮ್ಮ ಹುಡ್ಗಂಗೆ ಅದೊಂದೇ ಅಲ್ವಾ ಇದ್ದದ್ದು."

ಆ ಕುರಿಗಳನ್ನು ಹೇಗಾದರೂ ಕಟ್ಟಿಕೊಡುತ್ತೇನೆ, ಅಂಗಡಿ ಮಾರಿಯಾದರೂ ಕೊಡುತ್ತೇನೆ ಎಂದೆ. ಅವಳು ಕೈಗೆ ಮೆತ್ತಿದ್ದ ಮಣ್ಣನ್ನು ಒರೆಸಿಕೊಂಡು, ಬಿ ಡಿವಿಷನ್ ಆದರೂ ಪರವಾಗಿಲ್ಲ, ಹುಡುಗರನ್ನು ಮಾತ್ರ ಬಿಡಬೇಡಿ ಎಂದಳು. ಸುನಿಲ ಈಗಲೂ ಬೆಳಿಗ್ಗೆ ಎದ್ದು ಮೈದಾನಕ್ಕೆ ಹೋಗುತ್ತಾನಂತೆ. ಮುಂದಿನ ವರ್ಷ ಕ್ಯಾಪ್ಟನ್ ಮಾಡುತ್ತೀರೆಂದು ನೀವೇ ಹೇಳಿದಿರಂತೆ ಎಂದು ಕೇಳಿದಳು. ಹೌದು ಎಂದೆ.

ಅವಳು ಕೂಲಿಯವರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಒಂದು ಮಾತು ನಡ್ಸಿಕೊಡಿ ಅಯ್ನೋರೆ. ಸುನಿಲಂಗೆ ಇದು ಗೊತ್ತಾಗ್ಬಾರ್ದು. ನಮ್ಮ ಕುರಿ ದುಡ್ನಾಗೇ ಅವನ್ನ ಕೂರ್ಸಿದ್ದು ಅಂತ ತಿಳಿದ್ರೆ, ಅವನು ಇನ್ನ ಬಾಲ್ ಮುಟ್ಟಾಕಿಲ್ಲ."

ಆಯ್ತು ಭೀಮಕ್ಕ, ಹೇಳುವುದಿಲ್ಲ ಎಂದೆ.