ಬೀಳ್ಕೊಡುಗೆಯ ಶಾಲು

ಹುಮನಾಬಾದಿನ ಆ ಖಾಸಗಿ ಪಾಲಿಟೆಕ್ನಿಕ್‌ನ ಲ್ಯಾಬಿನಲ್ಲಿ ಉಪನ್ಯಾಸಕಿ ಸಮ್ರೀನ ಹುಡುಗರಿಗೆ ಮೋಟಾರಿನ ತಂತಿ ಜೋಡಿಸುವುದನ್ನು ತೋರಿಸುತ್ತಿದ್ದಳು. ಫ್ಯೂಸ್ ಹಾರಿತು. ಅದೇ ಗಳಿಗೆಗೆ ಪ್ರಾಂಶುಪಾಲ ವೀರಭದ್ರ ಒಳಗೆ ಕಾಲಿಟ್ಟರು.

"ನಿನಗ ಡಿಗ್ರಿ ಯಾರು ಕೊಟ್ರು? ಮನ್ಯಾಗ ರೊಟ್ಟಿ ಬಡಿ ಹೋಗು! ಏನ್ ವೈಜಿನಾಥ, ಖರೆ ಹೌದಲ್ಲ?"

ಹುಡುಗರು ಕಿಸಕ್ಕನೆ ನಕ್ಕರು. ಬಾಗಿಲಲ್ಲಿ ನಿಂತಿದ್ದ ವಿಭಾಗದ ಮುಖ್ಯಸ್ಥ ವೈಜಿನಾಥರ ಬಾಯಿಂದ "ಹೌದ್ರಿ ಸರ್" ಎಂಬ ಮಾತು ಜಾರಿಯೇಬಿಟ್ಟಿತು. ಆಡಿದ ಮೇಲೆ ನಾಲಿಗೆಗೆ ಹೇಸಿಗೆ ಮೆತ್ತಿಕೊಂಡಂತಾಯಿತು.

ವಾರ ಕಳೆಯುವುದರೊಳಗೆ ಸಮ್ರೀನ ಕೆಲಸ ಬಿಡುವುದಾಗಿ ಹೇಳಿದಳು. ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ನಿಂತು ಬರುತ್ತಿದ್ದ ಹುಡುಗಿ. ಅವಳಂತೆ ಪಾಠ ಮಾಡುವವರು ವಿಭಾಗದಲ್ಲಿ ಇನ್ನೊಬ್ಬರಿರಲಿಲ್ಲ. ಹಿಂದಿನ ವರ್ಷ ಒವೈಸ್, ಅದಕ್ಕೂ ಮೊದಲು ಮೀನಾಜ್ ಹೀಗೆಯೇ ಬೈಸಿಕೊಂಡು ಕೆಲಸ ಬಿಟ್ಟು ಹೋಗಿದ್ದರು.

ವೈಜಿನಾಥ ಪ್ರಾಂಶುಪಾಲರ ಕೋಣೆಗೆ ಹೋದರು. "ಸರ್, ಒಳ್ಳೆಯವರೆಲ್ಲಾ ಬಿಟ್ಟು ಹೋಗಾಕತ್ತಾರ್ರಿ. ಎಲ್ಲರ ಮುಂದ ಬೈಯೋದು..."

"ನಾ ಮೆತ್ತಗಾದ್ರ ಕಾಲೇಜು ಸಂತಿ ಆಗ್ತದ. ನಮ್ಮ ಮಾಸ್ತರು ನನಗ ಒದ್ದು ಕಲಿಸ್ಯಾರ. ನಾ ಏನ್ ಕೆಟ್ಟೀನಾ?" ವೀರಭದ್ರ ಹಲ್ಲಿನ ಸಂದಿಯಿಂದ ಅಡಿಕೆ ಚೂರು ಕಿತ್ತು ನೋಡಿ, ಮೇಜಿನ ಅಂಚಿಗೆ ಒರೆಸಿದರು. "ಒಬ್ಬರು ಹೋದ್ರ ಇನ್ನೊಬ್ಬರು ಬರ್ತಾರ. ಶಾಲು ತರಸ್ರಿ."

ಬೀಳ್ಕೊಡುಗೆಯ ದಿನ ಸಭಾಂಗಣ ತುಂಬಿತ್ತು. "ಸಮ್ರೀನ ನಮ್ಮ ಮನಿ ಮಗಳು. ನಿಕಾಹ್ ಸಲುವಾಗಿ ಹೊಂಟಾಳ," ಎಂದು ವೀರಭದ್ರ ಮೈಕಿನ ಮುಂದೆ ಗದ್ಗದಿತರಾದರು. ಶಾಲು ಹೊದಿಸಲು ಕರೆದಾಗ ವೈಜಿನಾಥ ಮೈಕು ಹಿಡಿದರು.

"ನಿಕಾಹ್ ಮಾತು ಸುಳ್ಳದ. ಲ್ಯಾಬಿನ್ಯಾಗ ಇಜ್ಜತ್ ತಗದಿದ್ದಕ್ಕ ಮೇಡಂ ಹೊಂಟಾರ. ನೀವು ನಕ್ಕಿದ್ರಿ. ನಾ ಹೌದ್ರಿ ಅಂದಿದ್ದೆ."

ವೀರಭದ್ರರ ಮುಖ ಕಪ್ಪಿಟ್ಟಿತು.

ಸಂಜೆ ಬಸ್ ನಿಲ್ದಾಣದಲ್ಲಿ ಸಮ್ರೀನ ವೈಜಿನಾಥರಿಗೆ ಹೇಳಿದಳು: "ಈ ಮಾತು ಅವತ್ತೇ ಅಂದಿದ್ರ ನಾ ಹೋಗ್ತಿರ್ಲಿಲ್ರಿ ಸರ್."

ಬಸವಕಲ್ಯಾಣದ ಬಸ್ಸು ಬಂತು, ಹತ್ತಿಹೋದಳು.

ಅವಳ ಜಾಗಕ್ಕೆ ಸಂಘರತ್ನ ಎಂಬ ತರುಣ ಬಂದ. ತಿಂಗಳು ತುಂಬುವ ಮೊದಲೇ ಒಂದು ಮಧ್ಯಾಹ್ನ ಅವನ ತರಗತಿಯಿಂದ ವೀರಭದ್ರರ ಗದರಿಕೆ ಕೇಳಿಸಿತು. ಉಣ್ಣುತ್ತಿದ್ದ ವೈಜಿನಾಥ ಡಬ್ಬಿ ಬಿಟ್ಟು ಎಂಜಲು ಕೈಯಲ್ಲೇ ಓಡಿದರು. ಇಬ್ಬರ ನಡುವೆ ಹೋಗಿ ನಿಂತರು.

"ಹುಡುಗರ ಮುಂದ ಬ್ಯಾಡ್ರಿ ಸರ್. ಏನಿದ್ರೂ ಹೊರಗ ನನಗ ಅನ್ರಿ."

ವೀರಭದ್ರ ದುರುಗುಟ್ಟಿ ನೋಡಿದರು. ವೈಜಿನಾಥ ಕದಲಲಿಲ್ಲ. ಕೊನೆಗೆ ಬೂಟಿನ ಸದ್ದು ವರಾಂಡದಲ್ಲಿ ದೂರವಾಯಿತು.

"ಪಾಠ ಮುಂದುವರಿಸ್ರಿ," ಎಂದು ಸಂಘರತ್ನನಿಗೆ ಹೇಳಿ, ವೈಜಿನಾಥ ಕೈ ತೊಳೆಯಲು ಹೋದರು.