ನಾಳೆಯ ಅನ್ನಕ್ಕೂ ಬೇಡಿಕೊಂಡವರು

ಊಟಕ್ಕೆ ಮುನ್ನ ಕಣ್ಣುಮುಚ್ಚಿ ಇಂದಿನ ಅನ್ನಕ್ಕಾಗಿ ದೇವರಲ್ಲಿ ಬೇಡಿಕೊಳ್ಳುವಾಗ ದಾನಿಯೇಲಪ್ಪ ಮಾಸ್ತರರು, ಯಾರಿಗೂ ಕೇಳಬಾರದೆಂಬಂತೆ ದನಿ ತಗ್ಗಿಸಿ, "ನಾಳಿಂದೂ" ಎಂದು ಸೇರಿಸಿಬಿಡುತ್ತಿದ್ದರು. ಎದುರು ಕುಳಿತ ಅವರ ಹೆಂಡತಿ ಸುಶೀಲವ್ವನಿಗೆ ಮಾತ್ರ ಅದು ಕೇಳಿಸುತ್ತಿತ್ತು. ಆಕೆ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು.

೧೯೫೪ರಲ್ಲಿ ನಾನು ಮಾಸೂರಿನ ಶಾಲೆಗೆ ವರ್ಗವಾಗಿ ಬಂದಾಗ ಇಡೀ ಊರಿಗೆ ಕ್ರೈಸ್ತರ ಮನೆಯೆಂದರೆ ಅದೊಂದೇ. ಬೆಟಗೇರಿಯಿಂದ ಬಂದಿದ್ದ ಈ ಎತ್ತರದ ಕೃಶಕಾಯರು ಕಡುಬೇಸಗೆಯಲ್ಲೂ ಕರಿಯ ಕೋಟು ತೊಟ್ಟು, ಕೊಡೆ ಹಿಡಿದು, ನೆಲ ಗಟ್ಟಿಯಿದೆಯೇ ಎಂದು ವಿಚಾರಿಸಿಕೊಂಡಂತೆ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಕೋಟಿನ ಒಂದು ಕಿಸೆಯಲ್ಲಿ ಒಣಶುಂಠಿ, ಇನ್ನೊಂದರಲ್ಲಿ ಸೂಜಿದಾರ, ಒಳಕಿಸೆಯಲ್ಲಿ ಹುಬ್ಬಳ್ಳಿಯ ಪಾದ್ರಿಗಳ ವಿಳಾಸ. ಮಾತುಮಾತಿಗೆ "ಅಕಸ್ಮಾತ್ ಹಂಗಾತಂದ್ರ?" ಎನ್ನುವರು. ಮದಗದ ಕೆರೆ ತುಂಬಿತೆಂದು ಊರೆಲ್ಲ ಹಿಗ್ಗುವಾಗ ಇವರು ಏರಿ ಒಡೆದೀತೆಂದು ಊಟ ಬಿಡುವರು. ನಾವು ಉಳಿದ ಮಾಸ್ತರ ಮಂದಿ ಹಿಂದಿನಿಂದ ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ ಎಂಬುದಕ್ಕೆ ಈಗ ನಾಚಿಕೆಯಾಗುತ್ತದೆ.

ಅವರ ಸಕಲ ಚಿಂತೆಗಳ ಬುಡದಲ್ಲಿದ್ದದ್ದು ಒಂದೇ: ತಾನು ಈ ಊರಲ್ಲಿ ತೀರಿಕೊಂಡರೆ ತನ್ನ ಪದ್ಧತಿಯಂತೆ ಮಣ್ಣು ಮಾಡುವವರು ಯಾರು? ಪಾದ್ರಿಗಳು ಬರಲು ಎರಡು ದಿನ ಬೇಕು, ಕ್ರೈಸ್ತರ ಸ್ಮಶಾನವಿಲ್ಲ, ಕೀರ್ತನೆ ಹಾಡಲು ಸುಶೀಲವ್ವನ ಹೊರತು ಇನ್ನೊಂದು ಕಂಠವಿಲ್ಲ. ಕೊನೆಗೆ ಸಾಗವಾನಿ ಹಲಗೆ ತರಿಸಿ, ತಮ್ಮ ಶವಪೆಟ್ಟಿಗೆಯನ್ನು ಮಾಡಿಡಲು ಬಡಿಗೇರ ಮೈಲಾರಲಿಂಗಪ್ಪನಿಗೆ ಹೇಳಿದರು. ಮಾಸ್ತರರು ಚಕ್ಕಳಮಕ್ಕಳ ಹಾಕಿ ಕುಳಿತು ಹುಡುಗರ ಬರವಣಿಗೆಯ ಪಟ್ಟಿ ತಿದ್ದುತ್ತಿರುವಾಗಲೇ ಅವನು ದಾರ ಹಿಡಿದು ಅಳತೆ ತೆಗೆದ. ವಾರದ ಮೇಲೆ ಬಂದ ಪೆಟ್ಟಿಗೆ ಚೌಕವಾಗಿ, ಸೊಂಟದೆತ್ತರ ಇತ್ತು.

"ಇದೇನೋ ಮೈಲಾರಲಿಂಗಪ್ಪ?"

"ಯಾಕ್ರಿ, ಕುಂದ್ರಾಕ ಬರೋಬ್ಬರಿ ಆಗತೈತ್ರಿ."

ಅವನ ಕಡೆಯವರು ಹೆಣವನ್ನು ಕುಳ್ಳಿರಿಸಿಯೇ ಮಣ್ಣು ಮಾಡುವುದು. ಮಲಗಿ ಹೋಗುವವರೂ ಇದ್ದಾರೆಂಬುದು ಅವನ ತಲೆಗೇ ಬಂದಿರಲಿಲ್ಲ. ಮಾಸ್ತರರು ಕೋಟಿನ ಸಮೇತ ಅಂಗಳದಲ್ಲಿ ಅಂಗಾತ ಮಲಗಿ, ಕೈ ಎದೆಯ ಮೇಲಿಟ್ಟು ತೋರಿಸಬೇಕಾಯಿತು. ಸುಶೀಲವ್ವ ಸೆರಗು ಬಾಯಿಗೊತ್ತಿಕೊಂಡು ಒಳಗೋಡಿದರು. ಹಲಗೆ ಬಿಚ್ಚಿ ಮಾಡಿದ ಉದ್ದನೆಯ ಪೆಟ್ಟಿಗೆ ಅಟ್ಟ ಸೇರಿತು. ಚಿಂತೆ ತೀರಿತೇ? ಮರುದಿನವೇ ಶಾಲೆಯಲ್ಲಿ ನನ್ನ ಕಿವಿಯಲ್ಲಿ, "ಅಕಸ್ಮಾತ್ ಗೆದ್ದಲಾ ಹತ್ತಿದ್ರ?" ಎಂದರು.

೧೯೬೧ರ ಶ್ರಾವಣದಲ್ಲಿ, ಮೂರೇ ದಿನದ ಜ್ವರಕ್ಕೆ ಸುಶೀಲವ್ವ ತೀರಿಕೊಂಡರು. ಇಷ್ಟು ವರ್ಷಗಳ ಚಿಂತೆಯಲ್ಲಿ ಮಾಸ್ತರರಿಗೆ ಇದೊಂದು ಹೊಳೆದಿರಲೇ ಇಲ್ಲ. ಅಟ್ಟದಿಂದ ಪೆಟ್ಟಿಗೆ ಇಳಿಯಿತು. ಗಂಡನ ಅಳತೆಯ ಪೆಟ್ಟಿಗೆಯಲ್ಲಿ ಆ ಸಣ್ಣ ಜೀವ ಕಾಲ ಬಳಿ ಗೇಣುದ್ದ ಜಾಗ ಬಿಟ್ಟು ಮಲಗಿತು. ಮಳೆಗೆ ದಾರಿ ಕಟ್ಟಿ ಪಾದ್ರಿಗಳು ಬರುವಂತಿರಲಿಲ್ಲ. ಊರ ಗೌಡರು ತಮ್ಮ ಹೊಲದ ಮೂಲೆ ಕೊಟ್ಟರು. ಮೈಲಾರಲಿಂಗಪ್ಪ ತಾನೇ ಕುಣಿಗಿಳಿದು, "ಉದ್ದ ತಗೀರೋ, ನಮ್ಮವ್ವಾರು ಮಲಗೂವ್ರು!" ಎಂದು ಕೂಗುತ್ತಿದ್ದ.

ಮಾಸ್ತರರು ಪ್ರಾರ್ಥನೆ ಮುಗಿಸಿ ಕೀರ್ತನೆ ಎತ್ತಿಕೊಂಡರು. ಎರಡನೆಯ ಸಾಲಿಗೇ ನಿಲ್ಲಿಸಿಬಿಟ್ಟರು. ಸುತ್ತ ನೂರು ಮಂದಿ. ಯಾರಿಗೂ ಏನು ಮಾಡಬೇಕೆಂದು ತಿಳಿಯದು. ಆಗ ಹೆಂಗಸರ ನಡುವಿನಿಂದ ಪಕ್ಕದ ಮನೆಯ ಕರೆವ್ವ, ತಲೆಯ ಮೇಲಿನ ಗೋಣಿಚೀಲದಿಂದ ನೀರು ಸೋರುತ್ತಿರಲು, ಅವರು ನಿಲ್ಲಿಸಿದಲ್ಲಿಂದಲೇ ಮುಂದಕ್ಕೆ ಹಾಡಿದಳು. ಏಳು ವರ್ಷ ನಸುಕಿನಲ್ಲಿ ಸುಶೀಲವ್ವನ ಎದುರು ಕುಳಿತು, ಒಂದೇ ಬೀಸುಕಲ್ಲಿನ ಗೂಟ ಹಿಡಿದು ಜೋಳ ಬೀಸಿದವಳು ಆಕೆ. ಹಿಟ್ಟಿನೊಡನೆ ಕೀರ್ತನೆಯೂ ಆಕೆಯ ಪಾಲಿಗೆ ಬಂದಿತ್ತು. ಒಂದು ಪದವನ್ನೂ ಬಿಡದೆ ಕೊನೆಯವರೆಗೆ ಹಾಡಿದಳು. ನಾನು ಅತ್ತುಬಿಟ್ಟೆ.

ತಿಂಗಳ ಮೇಲೆ ಮೈಲಾರಲಿಂಗಪ್ಪ ಬಂದು, "ನಿಮಗೊಂದು ಹೊಸಾದು ಮಾಡ್ಲೇನ್ರಿ?" ಎಂದು ಅಳುಕುತ್ತಲೇ ಕೇಳಿದ. "ಬ್ಯಾಡೋ ತಮ್ಮಾ" ಎಂದರು. ಅವನು ಹೋದ ಮೇಲೆ ನನ್ನತ್ತ ತಿರುಗಿ, "ನಾ ಇಲ್ಲಿ ಹಲಗಿ ಕೂಡಸಾಕತ್ತಿದ್ದೆ. ನಮ್ಮ ಪ್ರಭು ಮಂದೀನ ಕೂಡಸಾಕತ್ತಿದ್ದ. ನನಗ ಕಾಣಲೇ ಇಲ್ಲ ನೋಡ್ರಿ" ಎಂದರು.

ಅಂಜುಬುರುಕ ಭಕ್ತರನ್ನು ಅರೆನಂಬಿಕೆಯವರೆಂದು ಲೋಕ ಹಗುರಾಗಿ ಎಣಿಸುತ್ತದೆ. ಆದರೆ ಅಂಜಿಕೆಯೇ ಅರಿಯದವನ ನಂಬಿಕೆಗೆ ಅಂಥ ಕೆಲಸವೇನಿರುತ್ತದೆ? ಇವರು ದಿನವೂ ಅದೇ ಭಯವನ್ನು ಹೊತ್ತು ತಂದು ದೇವರ ಮುಂದೆ ಇಳಿಸುತ್ತಾರೆ, ಏಳುವಾಗ ಮರಳಿ ಹೊತ್ತುಕೊಳ್ಳುತ್ತಾರೆ. ಯಾವುದೋ ಒಂದು ದಿನ ಅದನ್ನು ಅಲ್ಲಿಯೇ ಬಿಟ್ಟು ಬರಿಗೈಯಲ್ಲಿ ಎದ್ದು ಬರುತ್ತಾರೆ. ಹಾಗೆ ಎದ್ದುಬಂದವರನ್ನು ಮತ್ತೆ ಹೆದರಿಸುವುದು ಸಾವಿಗೂ ಆಗದ ಕೆಲಸ.