ಅರಿಶಿನದ ಕೆಳಗಿದ್ದ ಸಾಲು

ಕೆಂಚಾರ್ಲಹಳ್ಳಿಯ ಗಂಗುಲಮ್ಮನ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದಿದ್ದವು. ಹುಳು ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ವಾರ, ಗೂಡು ಕಟ್ಟುವವರೆಗೆ, ಎಷ್ಟು ಸೊಪ್ಪು ಹಾಕಿದರೂ ಸಾಲದು. ಮನೆಯವರಿಗೆ ಏನೇ ಆಗಲಿ, ಹುಳುವಿನ ಕೆಲಸ ಮುಗಿಯಲಿ ಅನ್ನುತ್ತಾರೆ. ಗಂಗುಲಮ್ಮನಿಗೂ ಏನೋ ಆಗಿತ್ತು. ಅದನ್ನು ಮರೆತಿದ್ದೇನೆ ಎಂದುಕೊಂಡಿದ್ದಳು.

ಅದು 2009ರ ಆಗಸ್ಟ್. ಪಕ್ಕದ ಮನೆಯ ಕೂಸಿಗೆ ಲಸಿಕೆ ಹಾಕಲು ಬಂದ ಸಿಸ್ಟರ್ ಶಹಜಾದಿ ಗಂಗುಲಮ್ಮನ ಜಗಲಿಯ ಮೇಲೆ ಕೂತಳು. ಒಳಗೆ ಕಾಲಿಡಲಿಲ್ಲ. ಆಕೆ ಶಿಡ್ಲಘಟ್ಟದವಳು, ಅಪ್ಪ ವಜೀರ್ ಗೂಡು ಕೊಂಡು ನೂಲು ತೆಗೆಸುವವರು. ಹುಳುವಿನ ಮನೆಗೆ ಹೊರಗಿನವರು ನುಗ್ಗಬಾರದೆಂದು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ.

"ಏನು ಗಂಗುಲಮ್ಮ, ಸೊಪ್ಪಿನ ಪುಟ್ಟಿ ಎಡಗೈಲಿ ಎತ್ತಾ ಇದ್ದೀಯ? ಬಲಗೈಗೇನಾಯ್ತು?"

"ಏನಿಲ್ಲ ಕಣಮ್ಮ. ಕಂಕುಳ ಹತ್ರ ಒಂಚೂರು ಎಳ್ದಂಗಾಗ್ತದೆ. ಅದಕ್ಕೆಲ್ಲ ಫೋಟೋ ತೆಗ್ಸಾಯ್ತು. ಏನೂ ಇಲ್ಲ ಅಂತ ಬರ್ದು ಕೊಟ್ಟವ್ರೆ."

"ಯಾವ ಫೋಟೋ? ತೋರ್ಸು ನೋಡಣ."

ವಿಷಯ ಇಷ್ಟು. ಸಂಕ್ರಾಂತಿಯ ಹಿಂದಿನ ದಿನ ಸ್ನಾನ ಮಾಡುವಾಗ ಗಂಗುಲಮ್ಮನ ಬಲ ಮೊಲೆಯಲ್ಲಿ ಅವರೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತ್ತು. ಆಕೆಯ ಬೆರಳು ಸಾಮಾನ್ಯದ್ದಲ್ಲ. ಕಣ್ಣು ಮುಚ್ಚಿಕೊಂಡೇ ಗೂಡು ಆರಿಸುತ್ತಾಳೆ. ಒಳಗೆ ಹುಳು ಸತ್ತ ಗೂಡನ್ನು ಮುಟ್ಟಿದ ಕೂಡಲೇ ಪಕ್ಕಕ್ಕೆ ಎಸೆಯುತ್ತಾಳೆ. ಅಂಥವಳು ಗಂಡನಿಗೂ ಹೇಳದೆ, ಚಿಂತಾಮಣಿಯಲ್ಲಿ ನಡೆದ ಉಚಿತ ಶಿಬಿರಕ್ಕೆ ಹೋಗಿ ಮ್ಯಾಮೊಗ್ರಾಂ, ಅಂದರೆ ಮೊಲೆಯ ಎಕ್ಸ್‌ರೇ, ತೆಗೆಸಿಕೊಂಡಳು. ಅಷ್ಟು ಧೈರ್ಯ ಮಾಡಿದವಳು ಅಲ್ಲೊಂದು ತಪ್ಪು ಮಾಡಿದಳು. "ಗಂಟೇನಾದರೂ ಇದೆಯಾ?" ಎಂದು ಕೇಳಿದಾಗ, ಬರೆದುಕೊಳ್ಳುತ್ತಿದ್ದಾತ ಗಂಡಸೆಂದು ನಾಚಿ, "ಇಲ್ಲ" ಅಂದುಬಿಟ್ಟಳು.

ಇಂಗ್ಲಿಷಿನ ವರದಿ ಬಂತು. ಊರಿನಲ್ಲಿ ಓದುಬಲ್ಲವರೊಬ್ಬರು ಮೊದಲ ಸಾಲು ನೋಡಿ "ನಾರ್ಮಲ್" ಅಂದರು. ಆಗಲೇ ಗಂಡ ವೆಂಕಟರಾಮಪ್ಪನಿಗೂ ತಿಳಿದದ್ದು. ಅವನ ಹೋದ ಜೀವ ಬಂದಂತಾಯಿತು. ಶುಭ ಸುದ್ದಿಯ ಕಾಗದವಲ್ಲವೇ, ಲಗ್ನಪತ್ರಿಕೆಗೆ ಹಚ್ಚುವಂತೆ ನಾಲ್ಕು ಮೂಲೆಗೂ ಅರಿಶಿನ ಕಲಸಿ ಧಾರಾಳವಾಗಿ ಹಚ್ಚಿ, ದೇವರ ಪಟದ ಹಿಂದೆ ಇಟ್ಟ.

ಶಹಜಾದಿ ಆ ಕಾಗದವನ್ನು ಬೆಳಕಿಗೆ ಹಿಡಿದಳು. ಕೆಳಗಿನ ಮೂಲೆಯಲ್ಲಿ ಅರಿಶಿನ ಒಣಗಿ ಗಟ್ಟಿಯಾಗಿತ್ತು. ಉಗುರಿನಿಂದ ಮೆಲ್ಲಗೆ ಕೆರೆದಳು. ಓದಿದಳು. ಮತ್ತೆ ಓದಿದಳು. ಅವಳ ಮುಖದ ಬಣ್ಣ ಇಳಿದದ್ದನ್ನು ನೋಡಿ ಗಂಗುಲಮ್ಮ ಹತ್ತಿರ ಬಂದಳು.

"ಇಲ್ಲಿನ್ನೊಂದು ಸಾಲಿದೆ, ಗಂಗುಲಮ್ಮ. 'ಸ್ತನ ಒತ್ತಾಗಿದೆ. ಕೈಗೆ ಗಂಟು ಸಿಗುವಂತಿದ್ದರೆ ಈ ಚಿತ್ರ ಸಾಲದು, ಸ್ಕ್ಯಾನಿಂಗ್ ಮಾಡಿಸಬೇಕು.' ನಿನ್ ಕೈಗೆ ಗಂಟು ಸಿಗ್ತದಾ?"

ಗಂಗುಲಮ್ಮ ಹೌದೆಂದು ತಲೆಯಾಡಿಸಿದಳು. ಅವರೆಕಾಳು ಈಗ ಹುಣಸೆಬೀಜವನ್ನೂ ದಾಟಿ ಬೆಳೆದಿತ್ತು. ಏಳು ತಿಂಗಳು! ಏಳು ತಿಂಗಳು ಆ ಕಾಗದದ ಮುಂದೆ ದೀಪ ಹಚ್ಚಿ ಕೈ ಮುಗಿದಿದ್ದಳು.

ವೆಂಕಟರಾಮಪ್ಪ ಒಳಗಿಂದ ಬಂದ. "ಅಲ್ಲಮ್ಮ, ಮಿಷಿನ್ನಿಗೆ ಕಾಣ್ದೇ ಇರೋದು ಇವಳ ಕೈಗೆ ಹೆಂಗೆ ಕಾಣ್ತದೆ?"

"ಕೊಬ್ಬು ಕಮ್ಮಿಯಿದ್ದು ಒತ್ತಾಗಿರೋ ಮೊಲೆ ಆ ಚಿತ್ರದಲ್ಲಿ ಬೆಳ್ಳಗೆ ಕಾಣ್ತದೆ. ಗಂಟೂ ಬೆಳ್ಳಗೇ ಕಾಣ್ತದೆ. ಬಿಳೀದ್ರಲ್ಲಿ ಬಿಳೀದು ಹೆಂಗೆ ಗೊತ್ತಾಗ್ಬೇಕು? ಎಷ್ಟೋ ಹೆಂಗಸ್ರಿಗೆ ಹಿಂಗೇ ಇರ್ತದೆ, ಅದೇನು ಕಾಯಿಲೆ ಅಲ್ಲ. ಅವ್ರಿಗೆ ಬೇರೆ ಪರೀಕ್ಷೇನೂ ಬೇಕಾಗ್ತದೆ, ಅಷ್ಟೇ."

"ಹುಳು ಹಣ್ಣಾಗ್ಲಿ, ಗೂಡು ಕಟ್ಟೋಕೆ ಚಂದ್ರಂಕಿ ತಟ್ಟೆಗೆ ಬಿಟ್ಟು ಹೋಗ್ತೀವಿ. ಎಂಟು ದಿನ."

"ವೆಂಕಟರಾಮಪ್ಪ, ಮಾರ್ಕೆಟ್ಟಲ್ಲಿ ನಮ್ಮಪ್ಪ ನಿಮ್ ಗೂಡನ್ನ ಮೇಲಿಂದ ನೋಡಿ ತಗೊಳ್ತಾರಾ?"

ತಗೊಳ್ಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ವಜೀರ್ ಸಾಹೇಬರು ಗೂಡಿನ ರಾಶಿಗೆ ಮೊಣಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಹಿಡಿ ಎತ್ತಿ ನೋಡದೆ ಎಂದೂ ಬೆಲೆ ಕೂಗಿದವರಲ್ಲ.

ಅಷ್ಟರಲ್ಲಿ ಎದುರು ಮನೆಯ ಮುನಿಶಾಮಮ್ಮ ಬಂದಳು. ಊರಿನ ಪ್ರತಿ ಮಾತಿಗೂ ಆಕೆಯದೊಂದು ಅಡ್ಡಮಾತು ಇದ್ದೇ ಇರುತ್ತದೆ. "ಹೋಗ್ಬೇಡ ಕಣೇ ಗಂಗುಲು! ಅಲ್ಲಿ ಗಂಟಿಗೆ ಸೂಜಿ ಚುಚ್ತಾರೆ. ಸೂಜಿ ತಾಕಿದ್ರೆ ಮೈಯೆಲ್ಲ ಹರಡ್ತದಂತೆ. ಮುಟ್ದೇ ಇದ್ರೆ ಅದ್ರ ಪಾಡಿಗೆ ಅದಿರ್ತದೆ."

"ಸೂಜಿಯಿಂದ ಹರಡಲ್ಲ ಮುನಿಶಾಮಮ್ಮ," ಎಂದಳು ಶಹಜಾದಿ. "ತಡ ಮಾಡಿದ್ರೆ ಹರಡ್ತದೆ. ಹೆಚ್ಚಿನ ಗಂಟು ಕ್ಯಾನ್ಸರೇ ಅಲ್ಲ. ಅಲ್ಲ ಅಂತ ಗೊತ್ತಾಗೋಕೂ ಪರೀಕ್ಷೆ ಆಗ್ಬೇಕಲ್ಲ?"

ಗಂಗುಲಮ್ಮ ಪುಟ್ಟಿಯನ್ನು ಕೆಳಗಿಟ್ಟಳು. "ನನ್ ಬೆರಳು ಆವತ್ತೇ ಹೇಳಿತ್ತು. ನಾನು ಬೆರಳು ಬಿಟ್ಟು ಕಾಗದ ನಂಬ್ದೆ. ಮುನಿಶಾಮಕ್ಕ, ಎರಡು ದಿನ ಹುಳ ನೋಡ್ಕೋ. ನಾನು ನಾಳೆ ಹೊರಟೆ."

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲು ಹೊಸ ಮ್ಯಾಮೊಗ್ರಾಂ ತೆಗೆದರು. ಅದರಲ್ಲಿ ಈಗಲೂ ಗಂಟು ಸರಿಯಾಗಿ ಕಾಣಲಿಲ್ಲ! ಸ್ಕ್ಯಾನಿಂಗಿನಲ್ಲಿ ಮಾತ್ರ ಕಪ್ಪಗೆ ಎದ್ದು ಕಂಡಿತು. ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ವೆಂಕಟರಾಮಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, "ಅರಿಶಿನ ಹಚ್ಚಿದ ಕೈ ಇದೇ," ಎಂದು ತನ್ನ ಕೈಯನ್ನೇ ನೋಡಿಕೊಂಡ.

ಡಾಕ್ಟರಮ್ಮ ಇನ್ನೊಂದು ಪರೀಕ್ಷೆ ಬರೆದರು. "ಕೈಯ ನರಕ್ಕೆ ಒಂದು ಔಷಧಿ ಕೊಟ್ಟು ಎಂಆರ್‌ಐ ತೆಗೀತೀವಿ. ಕ್ಯಾನ್ಸರ್ ಗಂಟು ಹೆಚ್ಚು ರಕ್ತ ಎಳ್ಕೊಳ್ಳುತ್ತೆ, ಅದರ ಜೊತೆ ಈ ಔಷಧೀನೂ ಎಳ್ಕೊಂಡು ಹೊಳೆಯುತ್ತೆ. ಇದೇ ಥರ ಔಷಧಿ ಕೊಟ್ಟು ಮ್ಯಾಮೊಗ್ರಾಂ ತೆಗೆಯೋದನ್ನೂ ಹೊರದೇಶಗಳಲ್ಲಿ ಪರೀಕ್ಷೆ ಮಾಡ್ತಾ ಇದ್ದಾರೆ. ಅದು ಬಂದರೆ ನಿಮ್ಮಂಥವರಿಗೆ ತುಂಬಾ ಅನುಕೂಲ."

ಚಿತ್ರ ಬಂದಾಗ ಗಂಗುಲಮ್ಮ ತಾನೇ ನೋಡಿದಳು. ಗಂಟು ಬೆಳ್ಳಗೆ ಹೊಳೆಯುತ್ತಿತ್ತು. ಅದರಿಂದ ಎರಡು ಬೆರಳು ದೂರದಲ್ಲಿ ಮತ್ತೊಂದು, ರಾಗಿಕಾಳಿನಷ್ಟು. ಅದನ್ನು ಯಾವ ಚಿತ್ರವೂ ತೋರಿಸಿರಲಿಲ್ಲ. ಆಕೆಯ ಬೆರಳಿಗೂ ಸಿಕ್ಕಿರಲಿಲ್ಲ.

"ಅಯ್ಯೋ ದೇವುಡಾ! ಇದೂ ಇತ್ತಾ?"

"ಈಗ ಸಿಕ್ಕಿದ್ದು ಒಳ್ಳೇದಾಯ್ತು. ಇಲ್ಲದಿದ್ದರೆ ಒಂದನ್ನ ತೆಗೆದು ಇನ್ನೊಂದನ್ನ ಬಿಡ್ತಿದ್ವಿ."

ಆಪರೇಷನ್ ಆಯಿತು. ಆಮೇಲೆ ತಿಂಗಳುಗಟ್ಟಲೆ ಔಷಧಿ ಏರಿಸಿದರು. ಕೂದಲು ಉದುರಿತು, ಊಟ ಸೇರಲಿಲ್ಲ, ಸಾಕಪ್ಪಾ ಎನಿಸಿ ಅತ್ತದ್ದೂ ಉಂಟು. ಯುಗಾದಿಯ ಹೊತ್ತಿಗೆ ಗಂಗುಲಮ್ಮ ಮನೆಯಲ್ಲಿದ್ದಳು. ತಲೆಯ ಮೇಲೆ ಕೂದಲು ಚಿಗುರಿತ್ತು, ತೊಡೆಯ ಮೇಲೆ ಗೂಡಿನ ಮೊರವಿತ್ತು.

ಸ್ತ್ರೀಶಕ್ತಿ ಸಂಘದ ಸಭೆಗೆ ಆಕೆ ಆ ಹಳೆಯ ಕಾಗದವನ್ನೇ ತಂದಳು. ಅರಿಶಿನದ ಕಲೆ ಇನ್ನೂ ಇತ್ತು. ಶಹಜಾದಿಯಿಂದ ಕೊನೆಯ ಸಾಲನ್ನು ಎರಡೆರಡು ಸಲ ಓದಿಸಿದಳು. "ನಾಚ್ಕೊಂಡು ಗಂಟಿಲ್ಲ ಅಂದೆ. ಆ ಒಂದು ಮಾತು ನನ್ನ ಏಳು ತಿಂಗಳು ತಿಂತು," ಎಂದಳು.

ಸಭೆ ಮುಗಿದು ಎಲ್ಲರೂ ಎದ್ದರು. ಮುನಿಶಾಮಮ್ಮ ಮಾತ್ರ ಏಳಲಿಲ್ಲ. ಎಲ್ಲದಕ್ಕೂ ಅಡ್ಡಮಾತು ಹುಡುಕುವ ಆಕೆ ಇಡೀ ಸಭೆಯಲ್ಲಿ ತುಟಿ ಬಿಚ್ಚಿರಲಿಲ್ಲ. ಗಂಗುಲಮ್ಮನ ಕೈಯನ್ನು ಹಿಡಿದು, ಸೆರಗಿನೊಳಗೆ ಎಳೆದು, ತನ್ನ ಎಡ ಮೊಲೆಯ ಮೇಲೆ ಇಟ್ಟುಕೊಂಡಳು.

ಗಂಗುಲಮ್ಮನ ಬೆರಳು ತಟ್ಟನೆ ನಿಂತಿತು.

"ಎಷ್ಟು ದಿನ ಆಯ್ತು ಅಕ್ಕ?"

"ಎರಡು ವರ್ಷ. ಸೂಜಿ ಭಯ ನಿನಗಿರ್ಲಿಲ್ಲ ಕಣೇ, ನನಗಿತ್ತು."

ಬಾಗಿಲಲ್ಲಿ ಹೆಂಡತಿಗಾಗಿ ಕಾಯುತ್ತಿದ್ದ ವೆಂಕಟರಾಮಪ್ಪನಿಗೆ ಕೇಳಿಸಿತು. ಅಲ್ಲಿಂದಲೇ ಅಂದ: "ನಾಳೆ ಮೊದಲ್ನೇ ಬಸ್ಸಿಗೆ ಇಬ್ರೂ ಹೊರಡಿ. ಮುನಿಶಾಮಕ್ಕ, ನಿಮ್ಮನೆ ಹುಳಕ್ಕೆ ಸೊಪ್ಪು ನಾನು ಹಾಕ್ತೀನಿ."

ಇದನ್ನು ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ನಿಮ್ಮ ಕೈಗೆ ಗಂಟು ಸಿಕ್ಕಿದೆಯೇ? ಕೇಳಿದವರು ಗಂಡಸಾಗಲಿ ಹೆಂಗಸಾಗಲಿ, ಇದೆ ಎಂದು ಬಾಯಿಬಿಟ್ಟು ಹೇಳಿ. ಚಿತ್ರದಲ್ಲಿ ಏನೂ ಇಲ್ಲವೆಂದರೂ ಗಂಟು ಇದ್ದರೆ, ಮುಂದಿನ ಪರೀಕ್ಷೆ ಯಾವುದೆಂದು ಡಾಕ್ಟರನ್ನು ಕೇಳದೆ ಮನೆಗೆ ಬರಬೇಡಿ. ವರದಿಯನ್ನು ಕೊನೆಯ ಸಾಲಿನವರೆಗೂ ಓದಿಸಿ. ಅದಾದ ಮೇಲೆ ಬೇಕಾದರೆ ಅರಿಶಿನ ಹಚ್ಚಿ.